ಹೆಬ್ಬಾವನ್ನು ಒಳಗೆ ಬಿಟ್ಟುಕೊಂಡ ಗುಮಾಸ್ತ

ಆ ಶುಕ್ರವಾರ ಬೆಳಿಗ್ಗೆ ಸಾಹೇಬರು ಕೋಣೆಯಿಂದ ಹೊರಗೆ ಬಂದದ್ದೇ ಎಲ್ಲದಕ್ಕೂ ಮೂಲ. ನೀರಿನ ಬಿಲ್ಲಿನ ಆ ಕಚೇರಿಯಲ್ಲಿ ಸಾಹೇಬರು ಒಳಗಿರುವಷ್ಟು ಹೊತ್ತು ಎಲ್ಲರೂ ಸುಖವಾಗಿರುತ್ತಿದ್ದರು. ಅವರು ಹೊರಗೆ ಬಂದರೆ ಯಾರಿಗೋ ಕೆಲಸ ಬಂತೆಂದೇ ಅರ್ಥ.

“ಹೆಡ್ಡಾಫೀಸಿನಿಂದ ಹೊಸ ಪ್ರೋಗ್ರಾಂ ಬಂದಿದೆ,” ಎಂದರು ಸಾಹೇಬರು. “ಮೀಟರ್ ರೀಡಿಂಗ್ ಲೆಕ್ಕ ಎಲ್ಲ ಇನ್ಮೇಲೆ ಅದೇ ಮಾಡುತ್ತಂತೆ. ಆದರೆ ಅದು ಓಡಬೇಕಾದ್ರೆ ಕಂಪ್ಯೂಟರಲ್ಲಿ ಒಂದು ಭಾಷೆ ಇರಬೇಕಂತೆ. ಪ್ರೋಗ್ರಾಂ ಬರೆಯೋಕೆ ಬಳಸೋ, ಹೆಬ್ಬಾವಿನ ಹೆಸರಿನ ಭಾಷೆ. ಎಲ್ಲರೂ ಅವರವರ ಕಂಪ್ಯೂಟರಿಗೆ ಹಾಕ್ಕೊಳ್ಳಿ. ಸಂಜೆ ಐದಕ್ಕೆ ನಾನು ಒಂದೊಂದೇ ಮೇಜು ನೋಡ್ತಾ ಬರ್ತೀನಿ. ನಮ್ಮಲ್ಲಿಂದ ಒಬ್ಬರು ಸೋಮವಾರದಿಂದ ಮೂರು ತಿಂಗಳು ಹೆಡ್ಡಾಫೀಸಿಗೆ ಹೋಗಬೇಕು. ಯಾರು ಅಂತ ಆಗ ಹೇಳ್ತೀನಿ.”

ಮೂರು ತಿಂಗಳು ಹೆಡ್ಡಾಫೀಸು ಎಂಬ ಮಾತು ಕೇಳಿದ್ದೇ ತಡ, ಮೀಟರ್ ಗುಮಾಸ್ತನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

ಅವನ ಹೆಂಡತಿ ಹೆಡ್ಡಾಫೀಸು ಇರುವ ಊರಿನ ಆಸ್ಪತ್ರೆಯಲ್ಲಿ ನರ್ಸು. ಮಗಳು ಅವಳ ಜೊತೆಯಲ್ಲೇ. ಇವನು ಶನಿವಾರ ರಾತ್ರಿ ಬಸ್ಸು ಹತ್ತಿ, ಭಾನುವಾರ ಅಲ್ಲಿ ಮುಖ ತೋರಿಸಿ, ರಾತ್ರಿ ಮತ್ತೆ ಬಸ್ಸು ಹತ್ತಿ, ಸೋಮವಾರ ಕಚೇರಿಯಲ್ಲಿ ಆಕಳಿಸುವವನು. ಶಾಲೆಯಲ್ಲಿ ಟೀಚರು ಮಗಳನ್ನು “ನಿಮ್ಮಪ್ಪ ಏನು ಮಾಡ್ತಾರೆ?” ಎಂದು ಕೇಳಿದಾಗ ಅವಳು “ಬಸ್ಸಲ್ಲಿ ಬರ್ತಾರೆ” ಎಂದಿದ್ದಳು. ಅಂದಿನಿಂದ ಆ ಶಾಲೆಯವರೆಲ್ಲ ಅವನನ್ನು ಕಂಡಕ್ಟರ್ ಎಂದೇ ತಿಳಿದಿದ್ದರು. ವರ್ಗಾವಣೆ ಕೇಳಿ ಕೇಳಿ ಅವನಿಗೆ ಸಾಕಾಗಿತ್ತು. ಮೂರು ತಿಂಗಳಾದರೂ ಸಂಜೆ ಮನೆಗೆ ಹೋಗಿ ಮಗಳ ಚಪ್ಪಲಿ ಪಕ್ಕದಲ್ಲಿ ತನ್ನ ಚಪ್ಪಲಿ ಬಿಡಬೇಕು ಎಂದು ಅವನ ಜೀವ ಹಾತೊರೆಯುತ್ತಿತ್ತು.

ಉಳಿದವರಿಗೆ ಅಂಥ ಹಾತೊರೆತವೇನೂ ಇರಲಿಲ್ಲ. ದೂರು ವಿಭಾಗದ ದೊಡ್ಡಕ್ಕ ಎಂದಿನಂತೆ ಉಲ್ಲನ್ನು ಹೊರಗೆ ತೆಗೆದು ಸ್ವೆಟರ್ ಹೆಣೆಯಲು ಕೂತರು. ಅವರ ಕಂಪ್ಯೂಟರು ಉಲ್ಲಿನ ಉಂಡೆ ಉರುಳಿಹೋಗದಂತೆ ತಡೆಯಲು ಬಹಳ ಅನುಕೂಲವಾಗಿತ್ತು. ಕ್ಯಾಷಿಯರು ಮಾತ್ರ ಕುರ್ಚಿ ಎಳೆದುಕೊಂಡು ಗುಮಾಸ್ತನ ಪಕ್ಕಕ್ಕೇ ಬಂದರು. ಯಾವ ಮಾತು ಶುರುಮಾಡಿದರೂ “ಗೊತ್ತು” ಎಂದೇ ಶುರುಮಾಡುವ ಅವರಿಗೆ ಕಚೇರಿಯಲ್ಲಿ ಗೊತ್ತಪ್ಪ ಎಂದೇ ಹೆಸರು.

“ಗೊತ್ತು ನನಗೆ,” ಎಂದರು ಗೊತ್ತಪ್ಪ. “ಎರಡು ನಿಮಿಷದ ಕೆಲಸ.”

“ನಿಮ್ಮ ಕಂಪ್ಯೂಟರಿಗೆ ಹಾಕಿದ್ರಾ ಸಾರ್?”

“ಎರಡು ನಿಮಿಷದ ಕೆಲಸಕ್ಕೆ ಈಗಲೇ ಯಾಕೆ ಅವಸರ? ಮೊದಲು ನಿಮ್ಮದು ಮುಗಿಸೋಣ.”

ಬೇರೆ ಭಾಷೆಗಳಿಗೆ ಬಾಯಿ ಇದ್ದರೆ ಸಾಕು. ಈ ಭಾಷೆಗೆ ಮೊದಲು ಜಾಗ ಬೇಕಾಗಿತ್ತು. ಗುಮಾಸ್ತ ಇಂಟರ್ನೆಟ್ಟಿನಿಂದ ಹೆಬ್ಬಾವನ್ನು ಇಳಿಸಿಕೊಳ್ಳಲು ಹೊರಟಾಗ ಅರ್ಧದಲ್ಲೇ ಕಂಪ್ಯೂಟರು ಜಾಗವಿಲ್ಲ ಎಂದು ಕೈಯೆತ್ತಿತು. ಹುಡುಕಿ ನೋಡಿದರೆ ಒಳಗೆ ಸ್ಟೋರ್ ಕೀಪರರ ಮಗನ ಮದುವೆಯ ವಿಡಿಯೋ ಆರು ಭಾಗಗಳಲ್ಲಿ ಕಾಲು ಚಾಚಿ ಮಲಗಿತ್ತು. ಆ ಕಚೇರಿಯಲ್ಲಿ ಮುರಿದ ಕುರ್ಚಿ, ನಿಂತುಹೋದ ಫ್ಯಾನು ಮತ್ತು ಕಂಪ್ಯೂಟರು ಎಲ್ಲವೂ ಸ್ಟೋರ್ ಕೀಪರರ ಸುಪರ್ದಿಗೆ ಸೇರಿದ್ದವು. ಹಾಗಾಗಿ ತಮ್ಮ ಮನೆಯ ಸಾಮಾನನ್ನು ಅಲ್ಲಿ ಇಟ್ಟುಕೊಳ್ಳುವುದು ತಪ್ಪೆಂದು ಅವರಿಗೆ ಅನ್ನಿಸಿರಲಿಲ್ಲ.

ಸುದ್ದಿ ಕೇಳಿ ಅವರು ಓಡೋಡಿ ಬಂದರು. “ಅಳಿಸೋದು ಅಂದ್ರೆ ಏನ್ರೀ? ಅದು ನನ್ನ ಮಗನ ಮದುವೆ.”

“ಮದುವೆ ಆಗಿ ಎಷ್ಟೋ ವರ್ಷ ಆಯ್ತಲ್ಲ ಸಾರ್. ಮೊಮ್ಮಗ ಸ್ಕೂಲಿಗೆ ಹೋಗ್ತಿದ್ದಾನೆ.”

“ಅದಕ್ಕೇ ಬೇಡ ಅನ್ನೋದು. ನಮ್ಮ ಸೊಸೆ ನಗ್ತಾ ಇರೋದು ಅದೊಂದರಲ್ಲೇ.”

ಗುಮಾಸ್ತ ಕೈ ಮುಗಿದ. ತನ್ನ ಹೆಂಡತಿ, ಮಗಳು, ಬಸ್ಸು ಎಲ್ಲವನ್ನೂ ಹೇಳಿಕೊಂಡ. ಸ್ಟೋರ್ ಕೀಪರರ ಮನಸ್ಸು ಕರಗಿತು. “ಒಂದು ಕೆಲಸ ಮಾಡಿ. ನಮ್ಮ ಷಡ್ಡಕ ಇರೋ ಭಾಗ ಅಳಿಸಿಬಿಡಿ. ಅವನ ಮುಖ ನೋಡಿದ್ರೆ ನನಗೂ ಮೈ ಉರಿಯುತ್ತೆ. ಯಾವ ಭಾಗದಲ್ಲಿ ಬರ್ತಾನೆ ಅಂತ ನೋಡೋಣ.”

ನೋಡಲು ಕೂತರು. ಮದುವೆ ಎಂದಮೇಲೆ ದೊಡ್ಡಕ್ಕನೂ ಸ್ವೆಟರ್ ಹಿಡಿದುಕೊಂಡೇ ಬಂದರು. ಷಡ್ಡಕ ಎಲ್ಲ ಭಾಗಗಳಲ್ಲೂ ಇದ್ದ. ಫೋಟೋ ತೆಗೆಸಿಕೊಳ್ಳುವಾಗಲೆಲ್ಲ ನಟ್ಟನಡುವೆ ನಿಂತಿದ್ದ, ಮದುಮಗನಿಗಿಂತ ಹೆಚ್ಚು ಹೊತ್ತು ಕಾಣಿಸಿಕೊಂಡ. ಅವನಿದ್ದ ಭಾಗವನ್ನೆಲ್ಲ ಅಳಿಸಿದರೆ ಮದುವೆಯೇ ನಡೆಯಲಿಲ್ಲ ಎನ್ನಬೇಕಾಗುತ್ತಿತ್ತು. ಕೊನೆಗೆ ಕಚೇರಿಯವರೆಲ್ಲ ಊಟಕ್ಕೆ ಕೂತಿದ್ದ ಭಾಗವನ್ನು ತೆಗೆಯುವುದೆಂದು ತೀರ್ಮಾನವಾಯಿತು. ತಾವು ಕಾಣುವುದು ಅದೊಂದರಲ್ಲೇ ಎಂದು ಗೊತ್ತಪ್ಪ ಮುಖ ಊದಿಸಿಕೊಂಡರು. ಅಷ್ಟು ಹೊತ್ತಿಗೆ ಮಧ್ಯಾಹ್ನವಾಗಿತ್ತು.

ಜಾಗವಾದ ಮೇಲೆ ಕಂಪ್ಯೂಟರು ಅಪ್ಪಣೆ ಕೇಳಿತು. ಹೊಸದೇನು ಹಾಕಬೇಕಾದರೂ ಯಜಮಾನರ ಪಾಸ್‌ವರ್ಡ್ ಬೇಕಂತೆ. ಯಜಮಾನರೆಂದರೆ ಮತ್ತೆ ಸ್ಟೋರ್ ಕೀಪರರೇ. ಅವರು ಎಲ್ಲರನ್ನೂ ಗೋಡೆಯ ಕಡೆ ಮುಖ ಮಾಡಿ ನಿಲ್ಲಿಸಿ, ಕೀಬೋರ್ಡಿನ ಮೇಲೆ ಕವುಚಿಕೊಂಡು, ಒಂದೇ ಬೆರಳಿನಲ್ಲಿ ಒತ್ತಿದರು. ಕಂಪ್ಯೂಟರು ಒಪ್ಪಲಿಲ್ಲ. ಮತ್ತೆ ಒತ್ತಿದರು. ಮತ್ತೆ ಒಪ್ಪಲಿಲ್ಲ.

“ಸೊಸೆ ಹೆಸರು ಹಾಕಿದ್ದೆ. ಆಮೇಲೆ ಜಗಳ ಆಯ್ತು, ಬದಲಾಯಿಸಿದೆ. ಆಮೇಲೆ ರಾಜಿ ಆಯ್ತು,” ಎಂದು ಅವರು ಗೊಣಗಿದರು. “ರಾಜಿ ಆದ್ಮೇಲೆ ಬದಲಾಯಿಸಿದ್ನಾ ಇಲ್ವಾ ಅನ್ನೋದೇ ನೆನಪಾಗ್ತಿಲ್ಲ.”

ಬದಲಾಯಿಸಿರಲಿಲ್ಲ. ಜಗಳದ ಪಾಸ್‌ವರ್ಡಿಗೇ ಬಾಗಿಲು ತೆರೆಯಿತು. ಮತ್ತೆ ಮತ್ತೆ ಒತ್ತುವ ಕಷ್ಟ ಬೇಡವೆಂದು ಅವರು ಸಂಜೆಯವರೆಗೆ ಅದನ್ನು ತೆರೆದೇ ಬಿಟ್ಟರು.

ಮೊದಲನೆಯ ಪರದೆಯ ಕೆಳಗೆ ಕಡಲೆಕಾಳಿನಷ್ಟು ಒಂದು ಚೌಕವಿತ್ತು. ಗುಮಾಸ್ತ ಅದಕ್ಕೆ ಟಿಕ್ ಹಾಕಲು ಹೋದಾಗ ಗೊತ್ತಪ್ಪ ಅವನ ಕೈ ಹಿಡಿದರು.

“ಬೇಡ. ಗೊತ್ತು ನನಗೆ. ಅಂಥ ಟಿಕ್ ಹಾಕಿದ್ರೆ ಜಾಹೀರಾತು ಬರೋಕೆ ಶುರುವಾಗುತ್ತೆ. ನಮ್ಮ ಭಾವಮೈದ ಹಾಕಿ ಇವತ್ತಿಗೂ ಅನುಭವಿಸ್ತಿದ್ದಾನೆ.”

ಟಿಕ್ ಹಾಕದೆಯೇ ಮುಂದುವರಿದರು. ಹಸಿರು ಪಟ್ಟಿ ನಿಧಾನವಾಗಿ ತುಂಬಿತು. ಯಶಸ್ವಿಯಾಗಿ ಮುಗಿಯಿತು ಎಂದು ಕಂಪ್ಯೂಟರೇ ಹೇಳಿತು. ಗುಮಾಸ್ತ ಆದೇಶ ಬರೆಯುವ ಕಪ್ಪು ಪರದೆ ತೆರೆದು ಭಾಷೆಯ ಹೆಸರನ್ನು ಬರೆದ. ಆ ಹೆಸರಿನವರು ಯಾರೂ ಇಲ್ಲಿಲ್ಲ ಎಂದು ಉತ್ತರ ಬಂತು. ಈಗ ತಾನೇ ಯಶಸ್ವಿ ಎಂದ ಯಂತ್ರ, ಸಾಲ ಕೊಟ್ಟವನು ಬಂದಾಗ ಮನೆಯೊಳಗಿಂದ ಮಾತಾಡುವವರ ಹಾಗೆ ಮಾತಾಡುತ್ತಿತ್ತು.

“ಗೊತ್ತಿತ್ತು,” ಎಂದರು ಗೊತ್ತಪ್ಪ. “ಹೊಸದು ಯಾವತ್ತೂ ಹಾಕಬಾರದು. ಇದನ್ನ ತೆಗೆದು ಹಳೇದು ಹಾಕಿ.”

“ತೆಗೆಯೋದಾ?” ಸ್ಟೋರ್ ಕೀಪರರು ಅಡ್ಡ ಬಂದರು. “ಒಳಗೆ ಬಂದ ಸಾಮಾನು ಹೊರಗೆ ಹೋಗಬೇಕಾದ್ರೆ ಸಾಹೇಬರ ಸಹಿ ಬೇಕು. ಇರಲಿ ಬಿಡಿ ಅದೂ. ಪಕ್ಕದಲ್ಲಿ ಇನ್ನೊಂದು ಹಾಕಿ.”

ಪಕ್ಕದಲ್ಲಿ ಇನ್ನೊಂದು ಹಾಕಿದ್ದಾಯಿತು. ಆಮೇಲೆ ಎರಡಕ್ಕೂ ಮಧ್ಯದ್ದೊಂದು ಇರಲಿ ಎಂದು ಗೊತ್ತಪ್ಪ ಹೇಳಿದರು, ಅದನ್ನೂ ಹಾಕಿದ್ದಾಯಿತು. ಈಗ ಒಳಗೆ ಮೂರು ಹೆಬ್ಬಾವುಗಳಿದ್ದವು. ಕರೆದರೆ ಒಂದೂ ಓಗೊಡಲಿಲ್ಲ.

ಮೂರು ಗಂಟೆ ದಾಟಿತು. ಗುಮಾಸ್ತನಿಗೆ ಅಳುವುದೊಂದು ಬಾಕಿ. ಮಗಳು ಈ ಹೊತ್ತಿಗೆ ಶಾಲೆಯಿಂದ ಬಂದು ಬಾಗಿಲಿನಲ್ಲಿ ಕೂತಿರುತ್ತಾಳೆ ಎಂದು ನೆನಪಾಯಿತು. ಎದ್ದು ಹೋಗಿ ಕಾರಿಡಾರಿನ ಕಿಟಕಿಯ ಹತ್ತಿರ ನಿಂತು, ಯಾರಿಗೂ ಕಾಣದಂತೆ ಮೊಬೈಲಿನಲ್ಲಿ ಒಂದು ವಿಡಿಯೋ ಹಾಕಿಕೊಂಡ. ಅದರಲ್ಲಿ ಒಬ್ಬ ತರುಣ, ರೈಲು ಹೊರಟುಹೋಗುತ್ತದೆ ಎನ್ನುವ ಅವಸರದಲ್ಲಿ ಎಲ್ಲವನ್ನೂ ಹೇಳುತ್ತಿದ್ದ. ಮೂರು ಸಲ ನೋಡಿದ ಮೇಲೆ ವಿಷಯ ತಲೆಗೆ ಹೋಯಿತು. ಭಾಷೆ ಕಂಪ್ಯೂಟರಿನೊಳಗೆ ಬಂದರೆ ಸಾಲದು. ಅದು ಎಲ್ಲಿ ಇಳಿದುಕೊಂಡಿದೆ ಎಂಬ ವಿಳಾಸವನ್ನೂ ಕಂಪ್ಯೂಟರಿಗೆ ಹೇಳಬೇಕು. ವಿಳಾಸ ಹೇಳುವ ಕೆಲಸವನ್ನು ಮಾಡುವುದು ಆ ಕಡಲೆಕಾಳಿನ ಚೌಕವೇ.

ಅವನು ಒಳಗೆ ಬಂದು, ಗೊತ್ತಪ್ಪನವರು ಟೀ ಕುಡಿಯಲು ಹೋದ ಸಮಯ ನೋಡಿ, ಸ್ಟೋರ್ ಕೀಪರರ ಕಣ್ಣು ತಪ್ಪಿಸಿ, ಸಹಿ ಗಿಹಿ ಏನೂ ಇಲ್ಲದೆ ಮೂರನ್ನೂ ಕಿತ್ತು ಹಾಕಿದ. ಹೊಸದನ್ನು ಮತ್ತೆ ಹಾಕಿದ. ಟಿಕ್ ಹಾಕಿದ. ಎಲ್ಲ ಮುಗಿದ ಮೇಲೆ ಒಮ್ಮೆ ಆಫ್ ಮಾಡಿ ಆನ್ ಮಾಡಿ ಎಂದು ಆ ತರುಣ ಹೇಳಿದ್ದರಿಂದ ಹಾಗೂ ಮಾಡಿದ.

ಅದೇ ಸಮಯಕ್ಕಾಗಿ ಕಾದಿದ್ದಂತೆ ಕಂಪ್ಯೂಟರು ತನ್ನನ್ನು ತಾನು ಸುಧಾರಿಸಿಕೊಳ್ಳಲು ತೊಡಗಿತು. ದಯವಿಟ್ಟು ಆಫ್ ಮಾಡಬೇಡಿ ಎಂದು ಬರೆದು, ಒಂದು ಚಕ್ರವನ್ನು ಗಿರ್ರನೆ ತಿರುಗಿಸುತ್ತ ಕೂತಿತು. ಗುಮಾಸ್ತ ರೆಪ್ಪೆ ಬಡಿಯದೆ ಅದನ್ನೇ ನೋಡಿದ. ತೊಂಬತ್ತು ಪರ್ಸೆಂಟಿಗೆ ಬಂದಾಗ ಪರದೆ ಕಪ್ಪಾಯಿತು. ಕಪ್ಪಾಗಿಯೇ ಉಳಿಯಿತು.

ಮೇಜಿನ ಕೆಳಗಿನಿಂದ ದೊಡ್ಡಕ್ಕ ಎದ್ದರು. ಅವರ ಕೈಯಲ್ಲಿ ಪ್ಲಗ್ ಇತ್ತು.

“ಮೊಬೈಲ್ ಚಾರ್ಜಿಗೆ ಹಾಕ್ಬೇಕಿತ್ತು ತಮ್ಮಾ,” ಎಂದರು. “ಇದು ಆಗಿಂದ ಸುಮ್ನೆ ತಿರುಗ್ತಾನೇ ಇತ್ತು. ಪಾಪ, ಸ್ವಲ್ಪ ಸುಧಾರಿಸಿಕೊಳ್ಳಲಿ ಅಂತ ತೆಗೆದೆ.”

ಹಿರಿಯರು. ಏನು ಹೇಳುವುದು? ಗುಮಾಸ್ತ ಮತ್ತೆ ಪ್ಲಗ್ ಹಾಕಿದ. ಕಂಪ್ಯೂಟರು ಬಹಳ ಹೊತ್ತು ನರಳಿತು, ಏನೇನೋ ಗೊಣಗಿತು, ಆಮೇಲೆ ಎಲ್ಲ ಮರೆತು ಎಂದಿನ ಮುಖ ತೋರಿಸಿತು. ಅವನು ಕಪ್ಪು ಪರದೆ ತೆರೆದು ಹೆಸರು ಬರೆದ. ಹೆಬ್ಬಾವು ಓಗೊಟ್ಟಿತು. ವಿಡಿಯೋದಲ್ಲಿ ತೋರಿಸಿದ್ದ ಒಂದು ಸಾಲನ್ನು ಬರೆದ. ಎಲ್ಲೋ ಒಂದು ಆವರಣಚಿಹ್ನೆ ಬಿಟ್ಟುಹೋಗಿತ್ತು, ಅದಕ್ಕೆ ನಾಲ್ಕು ಸಾಲು ಬೈಸಿಕೊಂಡು ಸರಿಪಡಿಸಿದ. ಪರದೆಯ ಮೇಲೆ ‘ನಮಸ್ಕಾರ’ ಎಂದು ಮೂಡಿತು.

ಟೀ ಮುಗಿಸಿ ಬಂದ ಗೊತ್ತಪ್ಪ ಬಗ್ಗಿ ನೋಡಿದರು. “ಇಷ್ಟೇನಾ?”

“ಇಷ್ಟೇ ಸಾರ್.”

“ಗೊತ್ತಿತ್ತು, ಇಷ್ಟನ್ನ ಬೆಳಿಗ್ಗೇನೇ ನಾನೇ ನಿಮಗೆ ಹೇಳಿದ್ನಲ್ರೀ.”

ಗುಮಾಸ್ತನಿಗೆ ಅದು ಕೇಳಿಸಲಿಲ್ಲ. ಅವನು ಆಗಲೇ ಕಾರಿಡಾರಿನಲ್ಲಿ ಹೆಂಡತಿಗೆ ಫೋನ್ ಮಾಡುತ್ತಿದ್ದ. “ಆಯ್ತು ಕಣೇ. ನಮ್ಮ ಆಫೀಸಲ್ಲಿ ಬೇರೆ ಯಾರಿಗೂ ಆಗಿಲ್ಲ, ನನ್ನೊಬ್ಬನಿಗೇ ಆಗಿದ್ದು. ಮೂರು ತಿಂಗಳು ಅಲ್ಲೇ.”

“ಸಾಹೇಬರು ಹೇಳಿದ್ರಾ?”

“ಹೇಳೋದೇನು ಉಳಿದಿದೆ? ನೋಡಿದ್ರೆ ಗೊತ್ತಾಗಲ್ವಾ?”

ಆ ಕಡೆಯಿಂದ ಮೂಗು ಸೆಳೆಯುವ ಸದ್ದು ಬಂತು. ಅವಳು ಅಳುತ್ತಿದ್ದಾಳೆಂದು ಅವನಿಗೆ ತಿಳಿಯಿತು. ಆಮೇಲೆ ಅವಳು ಮೂಗು ಒರೆಸಿಕೊಂಡು, ಹಿಂದಿನ ಕೋಣೆಯಲ್ಲಿ ತುಂಬಿಟ್ಟ ಡಬ್ಬ ಪೆಟ್ಟಿಗೆಗಳನ್ನೆಲ್ಲ ಈಗಲೇ ತೆಗೆಸುತ್ತೇನೆ ಎಂದಳು.

ಐದಕ್ಕೆ ಸರಿಯಾಗಿ ಸಾಹೇಬರು ಬಂದರು. ಗೊತ್ತಪ್ಪನವರ ಕಂಪ್ಯೂಟರಿನಲ್ಲಿ ಏನೂ ಇರಲಿಲ್ಲ. “ಗೊತ್ತು ಸಾರ್, ಎರಡು ನಿಮಿಷದ ಕೆಲಸ,” ಎಂದರು ಅವರು. ಸ್ಟೋರ್ ಕೀಪರರದು ಈಗಷ್ಟೇ ಇಳಿಯುತ್ತಿತ್ತು, ಅರ್ಧ ಬಂದಿತ್ತು. ದೊಡ್ಡಕ್ಕನ ಕಂಪ್ಯೂಟರಿನ ಮೇಲೆ ಸ್ವೆಟರಿನ ಒಂದು ತೋಳು ಒಣಗಲು ಹಾಕಿದಂತೆ ನೇತಾಡುತ್ತಿತ್ತು. ಸಾಹೇಬರು ಅದನ್ನು ಎತ್ತಿ ನೋಡಿದರು.

“ಇದನ್ನ ಆನ್ ಮಾಡಿದ್ದೀರಾ?”

“ಎಲ್ಲಿ ಸ್ವಿಚ್ಚಿದೆ ಅಂತ ಯಾರಾದ್ರೂ ತೋರಿಸಿದ್ರೆ ಮಾಡ್ತೀನಿ ಸಾರ್.”

ಸಾಹೇಬರು ತಲೆಯಾಡಿಸಿ ಗುಮಾಸ್ತನ ಮೇಜಿಗೆ ಬಂದರು. ನಮಸ್ಕಾರ ನೋಡಿದರು. ಅವರ ಮುಖ ಅರಳಿತು. ಗುಮಾಸ್ತನ ಬೆನ್ನು ತಟ್ಟಿ ಭೇಷ್ ಎಂದರು. ನಂತರ ಎಲ್ಲರ ಕಡೆ ತಿರುಗಿದರು.

“ಹೆಡ್ಡಾಫೀಸಿಗೆ ದೊಡ್ಡಕ್ಕ ಹೋಗ್ತಾರೆ.”

ಗುಮಾಸ್ತನಿಗೆ ಮೊದಲು ಅರ್ಥವಾಗಲಿಲ್ಲ. “ಸಾರ್, ಅವರು ಏನೂ ಮಾಡಿಲ್ಲ ಸಾರ್. ನಾನು ಮಾಡಿದ್ದು.”

“ಅದಕ್ಕೇ ಹೇಳಿದ್ದು. ಅಲ್ಲಿರೋದು ತರಬೇತಿ. ಏನೂ ಬಾರದೋರಿಗೆ ಹೇಳಿಕೊಡೋ ತರಬೇತಿ. ಬರೋರನ್ನ ಕಳಿಸಿದ್ರೆ ಹೆಡ್ಡಾಫೀಸಿನವರು ನನ್ನನ್ನ ಕೇಳಲ್ವಾ?”

“ನನಗೂ ಬರಲ್ಲ ಸಾರ್. ಈಗಲೇ ಕಿತ್ತು ಹಾಕ್ತೀನಿ, ನೋಡಿ ಬೇಕಾದ್ರೆ.”

“ಕಿತ್ತು ಹಾಕೋದೂ ಬರುತ್ತಾ ನಿಮಗೆ?” ಸಾಹೇಬರಿಗೆ ಇನ್ನಷ್ಟು ಸಂತೋಷವಾಯಿತು. “ನೀವು ಇಲ್ಲೇ ಇರಬೇಕಾದೋರು. ಉಳಿದ ಕಂಪ್ಯೂಟರಿಗೆಲ್ಲ ನೀವೇ ಹಾಕಿಕೊಡಿ, ನನ್ನದೂ ಸೇರಿಸಿ. ಇವತ್ತು ಇವರೆಲ್ಲ ನಿಮ್ಮ ತಲೆ ತಿಂದಿದ್ದು ನಾನು ನನ್ನ ಕೋಣೆ ಗಾಜಿನಿಂದ ನೋಡ್ತಾನೇ ಇದ್ದೆ. ಭಾನುವಾರ ಬಂದುಬಿಡಿ. ಆಫೀಸು ಖಾಲಿ ಇರುತ್ತೆ, ಯಾರ ಕಾಟಾನೂ ಇರಲ್ಲ. ಒಂದೊಂದು ವಾರಕ್ಕೆ ಒಂದೊಂದು ಮುಗಿಸಿದ್ರೆ ಸಾಕು.”

ದೊಡ್ಡಕ್ಕ ಸ್ವೆಟರ್ ಮಡಿಸುತ್ತ ತಾನು ಹೋಗಲಾರೆ ಎಂದರು. ಆ ಊರಿನಲ್ಲಿ ತನಗೆ ಯಾರೂ ಇಲ್ಲ, ಈ ವಯಸ್ಸಿನಲ್ಲಿ ಮೂರು ತಿಂಗಳು ಎಲ್ಲಿ ಇರಲಿ ಎಂದರು. ಸಾಹೇಬರಿಗೆ ಅದಕ್ಕೂ ದಾರಿ ಗೊತ್ತಿತ್ತು.

“ನಮ್ಮ ಗುಮಾಸ್ತರ ಮನೆಯವರು ಅಲ್ಲೇ ಇದ್ದಾರಲ್ಲ.”

ಆ ಹೊತ್ತಿಗೆ ಗುಮಾಸ್ತನ ಫೋನ್ ಹೊಡೆದುಕೊಂಡಿತು. ಹೆಂಡತಿ. ಡಬ್ಬಗಳನ್ನು ಅಟ್ಟಕ್ಕೆ ಹಾಕಿಸಿ ಆಯಿತು, ಪಕ್ಕದ ಮನೆಯವರಿಂದ ಮಂಚ ತರಿಸಿ ಹಾಸಿಗೆಯನ್ನೂ ಹಾಸಿದ್ದೇನೆ ಎಂದಳು. ಹಿಂದೆ ಮಗಳು ಆ ಮಂಚದ ಮೇಲೆ ಕುಣಿಯುವ ಸದ್ದು ಕೇಳಿಸುತ್ತಿತ್ತು. ಗುಮಾಸ್ತ ಫೋನನ್ನು ಕಿವಿಯಿಂದ ತೆಗೆದು ಸಾಹೇಬರ ಮುಖ ನೋಡಿದ.

“ಕೊಡು ತಮ್ಮಾ, ನಾನು ಹೇಳ್ತೀನಿ,” ಎಂದು ದೊಡ್ಡಕ್ಕ ಫೋನ್ ತೆಗೆದುಕೊಂಡರು. “ಅಮ್ಮಾ, ನಾನು ಸೋಮವಾರ ಬರ್ತೀನಿ. ಮೂರು ತಿಂಗಳು ಇರ್ತೀನಿ. ಏನೂ ತೊಂದರೆ ತಗೋಬೇಡ, ನೀನು ಡ್ಯೂಟಿಗೆ ಹೋದಾಗ ಮಗೂನ ನಾನು ನೋಡ್ಕೋತೀನಿ.” ಆ ಕಡೆಯಿಂದ ಏನೋ ಕೇಳಿದ್ದಿರಬೇಕು. ಅವರು ಗುಮಾಸ್ತನ ಕಡೆ ಹೆಮ್ಮೆಯಿಂದ ನೋಡಿದರು.

“ಇಲ್ಲಮ್ಮ, ಅವರು ಬರಲ್ಲ. ಭಾನುವಾರಾನೂ ಇಲ್ಲಂತೆ. ನಿನ್ನ ಗಂಡ ಭಾಳ ಬುದ್ಧಿವಂತ ಕಣಮ್ಮ, ಅವರನ್ನ ಬಿಟ್ಟುಕೊಡೋಕಾಗಲ್ಲ ಅಂತಿದ್ದಾರೆ ಸಾಹೇಬರು.”