ಮೂರೂ ಐದೂ ಒಂದೇ ಲಿಫ್ಟಿನಲ್ಲಿ

ಲಿಫ್ಟಿನೊಳಗೆ ಮೂರನೇ ಅಂಕಿಯ ಹಿಂದಿನ ಪುಟ್ಟ ಕೆಂಪು ದೀಪ ಸುಟ್ಟುಹೋದದ್ದೇ ಎಲ್ಲದಕ್ಕೂ ಮೂಲ. ಯಾವ ಮಹಡಿಯವರು ಹೊರಗಿನಿಂದ ಕರೆದರೂ ಆ ಮಹಡಿಯ ಅಂಕಿ ಬೆಳಗಬೇಕು. ಮೂರು ಮಾತ್ರ ನಾಲ್ಕು ದಿನದಿಂದ ಕುರುಡು. ಲಿಫ್ಟು ನಡೆಸುವ ಲಿಫ್ಟಯ್ಯ ಹೋಗಿ ಹೇಳಿದರೆ ಮ್ಯಾನೇಜರು, “ಹಡಗುಗಳೇ ಬರ್ತಿಲ್ಲ, ಬಲ್ಬು ಎಲ್ಲಿಂದ ತರಲಯ್ಯಾ? ಯುದ್ಧ ಮುಗೀಲಿ” ಎಂದುಬಿಟ್ಟರು.

ಬೇರೆ ಕಟ್ಟಡದಲ್ಲಾಗಿದ್ದರೆ ಇದು ಸುದ್ದಿಯೂ ಅಲ್ಲ. ಇಲ್ಲಿ ಐದು ಮಹಡಿಗಳಲ್ಲಿ ಐದು ಪುಟ್ಟ ದೇಶಗಳ ರಾಯಭಾರಿಗಳಿದ್ದರು, ಆರನೆಯದರಲ್ಲಿ ಮ್ಯಾನೇಜರು. ದೂರದ ಯಾವುದೋ ಬಂದರಿಗಾಗಿ ಮೂರನೇ ಮಹಡಿಯ ದೇಶಕ್ಕೂ ಐದನೇ ಮಹಡಿಯ ದೇಶಕ್ಕೂ ಹನ್ನೊಂದು ತಿಂಗಳಿಂದ ಯುದ್ಧ. ಉಳಿದ ಮಹಡಿಗಳಿಗೆ ದಿನಕ್ಕೊಂದು ಪಕ್ಷ. ಅದಕ್ಕೇ ಬೆಳಗಾದರೆ ಲಿಫ್ಟಯ್ಯನ ಕೈಗೆ, ಯಾರನ್ನು ಯಾರ ಜೊತೆ ಹತ್ತಿಸಬಾರದೆಂಬ ಒಂದು ಚೀಟಿ ಬರುತ್ತಿತ್ತು. ಆವತ್ತಿನದು ಹೀಗಿತ್ತು: ‘ಎರಡು, ಮೂರು ನಿನ್ನೆವರೆಗೆ ಸ್ನೇಹ, ಇವತ್ತು ಬೇಡ. ನಾಲ್ಕು ಎಲ್ಲರ ಜೊತೆಗೂ ಸರಿ. ಮೂರು, ಐದು ಪ್ರಾಣ ಹೋದರೂ ಬೇಡ.’

ಚೀಟಿ ಕೊಡುತ್ತ ಮ್ಯಾನೇಜರು ಹೇಳಿದರು: “ನಿನ್ನ ಕಾಯಂ ಆರ್ಡರ್ ಟೈಪಾಗಿದೆ. ಸಂಜೆ ಐದರ ತನಕ ಒಂದು ದೂರೂ ಬರಬಾರದು. ಬಂತೋ, ಹರಿದು ಹಾಕ್ತೀನಿ.”

ಏಳು ವರ್ಷ ದಿನಗೂಲಿಯ ಮೇಲೆ ಊರವರನ್ನೆಲ್ಲ ಮೇಲಕ್ಕೆ ಏರಿಸಿದ ಲಿಫ್ಟಯ್ಯ ತಾನು ಮಾತ್ರ ನೆಲ ಬಿಟ್ಟು ಎದ್ದಿರಲಿಲ್ಲ. “ಆರ್ಡರ್ ಇಲ್ದೆ ಬಂದ್ರೆ ಬಾಗಿಲು ತೆಗೆಯಲ್ಲ” ಎಂದು ಹೆಂಡತಿ ಹೇಳಿಯೇ ಕಳಿಸಿದ್ದಳು.

ಮೊದಲು ಹತ್ತಿದವರು ಐದನೇ ಮಹಡಿಯವರು.

“ನಿನ್ನೆ ನಾಲ್ಕನೆಯವರು ಎಲ್ಲಿ ಇಳಿದರು?”

“ಅವರ ಮಹಡಿಯಲ್ಲೇ ಸಾರ್.”

“ಇಷ್ಟು ಬೇಗ ಉತ್ತರ ಕೊಟ್ಟೆ. ಯಾರು ಹೇಳಿಕೊಟ್ಟಿದ್ದು?”

ಬುದ್ಧಿ ಬಂದ ಲಿಫ್ಟಯ್ಯ, ಎರಡನೇ ಮಹಡಿಯವರು ಅದನ್ನೇ ಕೇಳಿದಾಗ ತಲೆ ಕೆರೆದುಕೊಂಡು ನಿಧಾನವಾಗಿ ಹೇಳಿದ.

“ಯೋಚನೆ ಮಾಡಿ ಹೇಳ್ತೀಯ. ಏನೋ ಮುಚ್ಚಿಡ್ತಿದ್ದೀಯ!”

ಕ್ಯಾಂಟೀನಿನ ಅಕ್ಕನಾದರೂ ಸಮಾಧಾನ ಹೇಳಿಯಾಳೆಂದು ಹೋದರೆ, ಅವಳು ನೀರಿನಂಥ ಟೀ ಮುಂದಿಟ್ಟು ಕಣ್ಣು ಕಿರಿದು ಮಾಡಿದಳು. “ನಿಜ ಹೇಳೋ, ನೀನು ಯಾರ ಕಡೆಯವನು?”

“ನಾನು ಗುಂಡಿ ಒತ್ತೋ ಕಡೆಯವನು ಅಕ್ಕಾ.”

“ಹಾಗನ್ನೋನೇ ಎರಡೂ ಕಡೆಯವನು.”

ಹನ್ನೊಂದಕ್ಕೆ ಐದನೆಯವರನ್ನು ಕೆಳಗಿಳಿಸುತ್ತಿದ್ದಾಗ, ದೀಪವಿಲ್ಲ ಸುಳಿವಿಲ್ಲ, ಲಿಫ್ಟು ಮೂರರಲ್ಲಿ ಗಕ್ಕನೆ ನಿಂತಿತು. ಮುಖದ ತುಂಬ ಪತ್ರಿಕೆ ಹರಡಿಕೊಂಡ ಒಬ್ಬರು ಓದುತ್ತಲೇ ಒಳಗೆ ಬಂದರು. ಬಾಗಿಲು ಮುಚ್ಚಿತು. ಪತ್ರಿಕೆ ಇಳಿಯಿತು. ಮೂರೂ ಐದೂ ಮುಖಾಮುಖಿ! ಲಿಫ್ಟಯ್ಯ ದೇವರನ್ನು ನೆನೆದ. ದೇವರು ಬರುವ ಮೊದಲು ಕರೆಂಟು ಹೋಯಿತು. ಹಡಗುಗಳಿಲ್ಲದೆ ಎಣ್ಣೆಯಿಲ್ಲ, ಎಣ್ಣೆಯಿಲ್ಲದೆ ಕರೆಂಟಿಲ್ಲ. ಎರಡಕ್ಕೂ ಮೂರಕ್ಕೂ ನಡುವೆ ಲಿಫ್ಟು ತ್ರಿಶಂಕುವಾಯಿತು. ಒಳಗೆ ಕಾಡಿಗೆಯ ಕರಡಿಗೆಯಲ್ಲಿ ಮೂರು ಇರುವೆ ಬಿದ್ದಂತೆ.

ಕತ್ತಲಲ್ಲಿ ಮೂರನೆಯವರ ದನಿ ಬಂತು. “ಲಿಫ್ಟಯ್ಯಾ, ಅವರಿಗೆ ಹೇಳು, ಅವರ ಕೊಡೆ ನನ್ನ ಕಾಲಿಗೆ ತಾಗ್ತಿದೆ.”

“ಸಾರ್, ಕೊಡೆ...”

“ಕೊಡೆ ನನ್ನ ಜಾಗದಲ್ಲಿದೆ. ಕಾಲೇ ಗಡಿ ದಾಟಿ ಬಂದಿದೆ ಅಂತ ಹೇಳು.”

ಅಡಕತ್ತರಿಯ ನಡುವಿನ ಅಡಕೆಯಂತೆ ನಿಂತು ಲಿಫ್ಟಯ್ಯ ಒಂದು ಮೊಳ ದೂರಕ್ಕೆ ಸಂದೇಶ ಹೊತ್ತ.

“ನಮ್ಮ ಬೆನ್ನಿಗೆ ದೊಡ್ಡ ಸ್ನೇಹಿತರಿದ್ದಾರೆ ಅಂತ ಹೇಳು,” ಎಂದರು ಮೂರನೆಯವರು. “‘ನಿಮ್ಮ ಶತ್ರು ನಮಗೂ ಶತ್ರು’ ಅಂತ ಮಂಗಳವಾರ ಎದೆ ಮುಟ್ಟಿ ಹೇಳಿದ್ದಾರೆ.”

ಐದನೆಯವರ ಕೊಡೆ ನೆಲಕ್ಕೆ ಕುಟ್ಟಿದ ಸದ್ದಾಯಿತು. “ಎದೆ ಮುಟ್ಟಿಯಾ? ಬುಧವಾರ ನನ್ನ ಹತ್ತಿರವೂ ಒಬ್ಬರು ಎದೆ ಮುಟ್ಟಿ ಇದನ್ನೇ ಹೇಳಿದರಲ್ಲ!”

“ಎಣ್ಣೆ ಕೊಡ್ತೀನಿ ಅಂದರಾ?”

“ಅಂದರು!”

“ನಾಲ್ಕು!” ಇಬ್ಬರೂ ಒಟ್ಟಿಗೆ ಕೂಗಿದರು. ಆಮೇಲೆ ಕೇಳಿದ್ದು ನಗು. ನಡುವೆ ಲಿಫ್ಟಯ್ಯ ಇರುವುದೇ ಮರೆತು, ಅವನ ಹೆಗಲ ಮೇಲಿಂದಲೇ ಕೈ ಚಾಚಿ ಒಬ್ಬರ ಕೈ ಒಬ್ಬರು ಕುಲುಕಿದರು.

ನಲವತ್ತು ನಿಮಿಷಕ್ಕೆ ಕರೆಂಟು ಬಂತು. ಹೊರಗೆ ಇಡೀ ಕಟ್ಟಡ ಹೆಣ ಎತ್ತಲು ಬಂದಂತೆ ನೆರೆದಿತ್ತು. ಬಾಗಿಲು ತೆರೆದರೆ ಇಬ್ಬರೂ ಕೈ ಕೈ ಹಿಡಿದು ಹೊರಬಂದರು. ನಾಲ್ಕನೆಯವರ ಮುಖ ಸುಣ್ಣವಾಯಿತು. ಎರಡನೆಯವರು ತಮ್ಮ ರಾಜಧಾನಿಗೆ ಫೋನು ಮಾಡಲು ಮೆಟ್ಟಿಲ ಮೇಲೆ ಓಡಿದರು. ನಾಲ್ಕು ಗಂಟೆಗೆ ರೇಡಿಯೊ ಹೇಳಿತು: ಬಂದರಿನಲ್ಲಿ ಗುಂಡಿನ ಸದ್ದು ನಿಂತಿದೆ, ಕಾರಣ ಯಾರಿಗೂ ತಿಳಿದಿಲ್ಲ.

“ನಂಗೊತ್ತು!” ಎಂದಳು ಅಕ್ಕ, ಈ ಸಲ ಗಟ್ಟಿ ಟೀ ಕೊಟ್ಟು. “ಕಾಯಂ ಏನು, ನಿಂಗೆ ಪದಕಾನೇ ಕೊಡ್ತಾರೆ ನೋಡ್ತಿರು.”

ಐದಕ್ಕೆ ಐದು ನಿಮಿಷವಿದ್ದಾಗ ಮ್ಯಾನೇಜರು ಕರೆದರು. ಮೇಜಿನ ಮೇಲೆ ಒಂದು ಪತ್ರ, ಅದರ ಕೊನೆಯಲ್ಲಿ ಎರಡು ಸಹಿ, ಎರಡು ಮೊಹರು ಅಕ್ಕಪಕ್ಕ.

“ಓದ್ತೀನಿ, ಕೇಳು. ‘ನಮ್ಮಿಬ್ಬರ ಗುಟ್ಟೂ ತಿಳಿದವನು ಇವನೊಬ್ಬನೇ. ಇವನು ಯಾರ ಕಡೆಯವನೆಂದು ನಮ್ಮಿಬ್ಬರಿಗೂ ತಿಳಿಯದು. ಈ ದಿನವೇ ತೆಗೆದುಹಾಕತಕ್ಕದ್ದು.’”

“ಸಾರ್, ಯುದ್ಧ ನಿಲ್ಲಿಸಿದ್ದೇ ನಾನು!”

“ಅದಕ್ಕೇ ಹೇಳ್ತಿರೋದು. ಹನ್ನೊಂದು ತಿಂಗಳಲ್ಲಿ ಇಬ್ಬರೂ ಸಹಿ ಹಾಕಿದ ಮೊದಲ ಕಾಗದ ಇದು. ನಾನು ಆಗಲ್ಲ ಅಂದ್ರೆ ಮತ್ತೆ ಗುಂಡು ಹಾರುತ್ತೆ. ಲೋಕದ ಶಾಂತಿ ನಿನ್ನ ಕೈಲಿದೆಯಪ್ಪ, ದೊಡ್ಡ ಮನಸ್ಸು ಮಾಡು.” ಹೇಳುತ್ತಲೇ ಅವರು ಕಾಯಂ ಆರ್ಡರನ್ನು ನಾಲ್ಕು ಚೂರು ಮಾಡಿದರು.

“ಮತ್ತೆ ಗುಂಡಿ ಒತ್ತೋರು ಯಾರು ಸಾರ್?”

“ಒಂದು ದಿನ ಅವರು, ಒಂದು ದಿನ ಇವರು. ಇದೇ ಒಪ್ಪಂದದ ಎರಡನೇ ಕಲಮು.”

ಏಳು ವರ್ಷದ ಅಭ್ಯಾಸ. ಕಾಲು ತಾನಾಗಿ ಲಿಫ್ಟಿನ ಕಡೆ ನಡೆಯಿತು. ಬಾಗಿಲು ತೆರೆಯಿತು. ಒಳಗೆ ಮೂರೂ ಐದೂ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರು. ಅವನ ಸ್ಟೂಲಿನ ಮೇಲೆ ಇಬ್ಬರ ಟೋಪಿಗಳೂ ಕೂತಿದ್ದವು.

“ಜಾಗ ಇಲ್ಲ,” ಎಂದರು ಇಬ್ಬರೂ, ಒಂದೇ ಗಂಟಲಲ್ಲಿ.