ಅಡ್ಜಸ್ಟ್ ಮಾಡಿಕೊಳ್ಳದ ನನ್ನ ಕಾರು

ನಾನು ನಿವೃತ್ತ ಇಂಗ್ಲಿಷ್ ಮೇಷ್ಟ್ರು. ಪಾಠ ಕೇಳುವವರಿಲ್ಲದೆ ನಾಲಿಗೆ ತುರಿಸುತ್ತಿತ್ತು. ಹೀಗಿರುವಾಗ, ವಿಜಯನಗರದ ನಮ್ಮ ಎದುರುಮನೆಯ ಶಿವಣ್ಣ ಒಂದು ಸಂಜೆ ಬಂದರು. "ನಾಳೆ ಮೊಮ್ಮಗಳ ನಾಮಕರಣ ಸಾರ್. ರಸ್ತೆಗೆ ಶಾಮಿಯಾನ ಹಾಕಿಸ್ತಾ ಇದೀನಿ. ಕಾರು ಆ ಕಡೆ ತೆಗೆದು ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ." ನನಗೆ ಸಿಟ್ಟಿಗಿಂತ ಹುರುಪೇ ಹೆಚ್ಚು ಬಂತು.

ಗೇಟಿನಲ್ಲೇ ಪಾಠ ಶುರು ಮಾಡಿದೆ. ಅಡ್ಜಸ್ಟ್ ಎಂಬ ಕ್ರಿಯಾಪದದ ಬೇರು ಲ್ಯಾಟಿನ್ನಿನಲ್ಲಿದೆ. ಅಲ್ಲಿ ಹತ್ತಿರಕ್ಕೆ ತರುವುದು ಎಂದರ್ಥ. ಫ್ರೆಂಚರ ಕೈಗೆ ಸಿಕ್ಕಿ ಜೋಡಿಸುವುದಾಯಿತು. ಇಂಗ್ಲಿಷರು ಅಳತೆಗೆ ಸರಿಯಾಗಿ ಕೂರಿಸುವುದಕ್ಕೆ ಬಳಸಿದರು. ನಮ್ಮ ರಸ್ತೆಗೆ ಬರುವಷ್ಟರಲ್ಲಿ ಮಾತ್ರ 'ನಾನು ತೊಂದರೆ ಕೊಡುತ್ತೇನೆ, ನೀವು ನಗುತ್ತಿರಿ' ಎಂದಾಗಿದೆ! ಆದಕಾರಣ ಕಾರನ್ನು ತೆಗೆಯುವುದಿಲ್ಲ ಎಂದು ಉಪಸಂಹಾರ ಮಾಡಿದೆ.

ಶಿವಣ್ಣ ಕೈಕಟ್ಟಿ ಪೂರ್ತಿ ಕೇಳಿದರು. ಕೆಲಸದಲ್ಲಿದ್ದಾಗ ಒಬ್ಬ ವಿದ್ಯಾರ್ಥಿಯೂ ಅಷ್ಟು ಶ್ರದ್ಧೆ ತೋರಿಸಿರಲಿಲ್ಲ. ಕಾರು ಅಲ್ಲೇ ಇರಲಿ ಬಿಡಿ ಎಂದು ಹೊರಟುಹೋದರು. ಗೆದ್ದೆ!

ಬೆಳಿಗ್ಗೆ ಬಾಗಿಲು ತೆಗೆದರೆ ಕಾರಿನ ಮುಂದೊಂದು ಕಂಬ, ಹಿಂದೊಂದು ಕಂಬ, ಮೇಲೆ ಶಾಮಿಯಾನದ ಕೆಂಪು ಬಟ್ಟೆ. ಬಾನೆಟ್ ಮೇಲೆ ಬಾಳೆ ಎಲೆಯ ಕಟ್ಟು. ಯಾರೋ ಕನ್ನಡಿಗೆ ಮಾವಿನ ಸೊಪ್ಪನ್ನೂ ಸಿಕ್ಕಿಸಿದ್ದರು.

ಅವತ್ತೇ ಕೆಂಗೇರಿಯಲ್ಲಿ ನನ್ನ ಹೆಂಡತಿ ಸರೋಜಳ ಅಣ್ಣನ ಮಗಳ ನಿಶ್ಚಿತಾರ್ಥ. ಸೋದರತ್ತೆಯಾಗಿ ಆರತಿ ಎತ್ತಬೇಕಾದವಳು ಇವಳೇ. ಕಾರಿನಲ್ಲಿ ಜುಮ್ಮೆಂದು ಕರೆದೊಯ್ಯುತ್ತೇನೆಂದು ಜಂಬ ಕೊಚ್ಚಿದವನು ನಾನೇ.

"ಒಂದು ಕಂಬ ಸರಿಸಿ ಅಂತ ಶಿವಣ್ಣನ್ನ ಕೇಳ್ರೀ," ಎಂದಳು.

"ಏನಂತ ಕೇಳ್ಲಿ? ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ ಅಂತಲಾ?"

ಅವಳು ನನ್ನನ್ನೊಮ್ಮೆ, ಕಾರನ್ನೊಮ್ಮೆ ನೋಡಿದಳು. ಎರಡರಿಂದಲೂ ಪ್ರಯೋಜನವಿಲ್ಲವೆಂದು ತಿಳಿದು, ಆರತಿ ತಟ್ಟೆಯನ್ನು ಚೀಲಕ್ಕೆ ಹಾಕಿಕೊಂಡು ಒಬ್ಬಳೇ ಮೆಟ್ರೋ ಹತ್ತಲು ನಡೆದಳು. ಹಿಂದೆಯೇ ಹೋಗಲು ನನ್ನ ಸ್ವಾಭಿಮಾನ ಬಿಡಲಿಲ್ಲ. ಪ್ರತಿಭಟನಾರ್ಥವಾಗಿ ಕಾರಿನೊಳಗೆ ಗಾಜು ಏರಿಸಿಕೊಂಡು ಕೂತೆ. ಬಂದ ನೆಂಟರು ನನ್ನನ್ನು ಡ್ರೈವರ್ ಎಂದುಕೊಂಡರು. ಒಬ್ಬಾಕೆ ಹಿಂದಿನ ಸೀಟಿನಲ್ಲಿ ಮಗುವಿನ ಬಟ್ಟೆಯ ಚೀಲ ಇಟ್ಟು, ಸ್ವಲ್ಪ ನೋಡ್ಕೊಳಪ್ಪಾ ಎಂದು ಹೇಳಿ ಹೋದರು.

ಊಟದ ಹೊತ್ತಿಗೆ ಗಾಜನ್ನೂ ದಾಟಿ ತುಪ್ಪದ ಘಮ ಬಂತು. ಶಿವಣ್ಣನೂ ಬಂದರು, ಕೈಹಿಡಿದು ಪಂಕ್ತಿಗೆ ಎಳೆದರು. ನಾನು ಉಗ್ರವಾಗಿ ವಿರೋಧಿಸಿದೆ, ಮನಸ್ಸಿನಲ್ಲೇ.

ಎಲೆಯ ಮುಂದೆ ಕೂತಾಗ ಸರೋಜಳ ಫೋನ್ ಬಂತು. ಹೊತ್ತಿಗೆ ಸರಿಯಾಗಿ ತಲುಪಿ ಆರತಿ ಎತ್ತಿದ್ದಾಯಿತಂತೆ. ಎಲ್ಲರೂ ನನ್ನನ್ನು ಕೇಳುತ್ತಿದ್ದಾರಂತೆ, ಏನು ಹೇಳಲಿ ಎಂದಳು.

"ಹೋರಾಟದಲ್ಲಿದಾರೆ ಅಂತ ಹೇಳು. ನಾನು ಮಣಿಯೋನಲ್ಲ ಕಣೇ."

ಅಷ್ಟರಲ್ಲಿ ಬೆನ್ನ ಹಿಂದೆ ಶಿವಣ್ಣನ ದನಿ ಮೊಳಗಿತು: "ಮೇಷ್ಟ್ರ ಎಲೆಗೆ ಇನ್ನೊಂದು ಹೋಳಿಗೆ ಹಾಕ್ರೋ!"

ಆ ಕಡೆ ಫೋನ್ ಕಟ್ಟಾಯಿತು. ಈ ಕಡೆ ನಾನು, ಎರಡು ಹಾಕಲಿ ಎಂದು ಬೆರಳು ತೋರಿಸಿದೆ.