ಥರ್ಮಾಮೀಟರ್ ಹಿಡಿದು ಬಸ್ಸು ಹತ್ತಿದ ದೊಡ್ಡಮ್ಮ

ನಮ್ಮ ದೊಡ್ಡಮ್ಮನ ಲೆಕ್ಕದಲ್ಲಿ ಲೋಕದ ಜೀವಿಗಳೆಲ್ಲ ಎರಡೇ ಬಗೆ. ಒಂದು, ರೇಷ್ಮೆ ಹುಳು. ಇನ್ನೊಂದು, ರೇಷ್ಮೆ ಹುಳುವಿಗೆ ತೊಂದರೆ ಕೊಡುವಂಥವು. ಇರುವೆ, ಹಲ್ಲಿ, ನೊಣ, ಊದುಬತ್ತಿ ಹಚ್ಚುವವರು, ಸೆಂಟು ಹಾಕಿಕೊಂಡು ಬರುವ ನೆಂಟರು ಎಲ್ಲರೂ ಎರಡನೆಯ ಗುಂಪು. ನನ್ನನ್ನೂ ಅದರಲ್ಲೇ ಸೇರಿಸಿದ್ದರು, ನನಗೆ ಮಗಳು ಹುಟ್ಟುವವರೆಗೆ.

ದೊಡ್ಡಮ್ಮ ಎಂದರೆ ನಮ್ಮಮ್ಮನ ಅಕ್ಕ. ಗಂಡ ತೀರಿಕೊಂಡು ಬಹಳ ಕಾಲವಾಯಿತು, ಮಕ್ಕಳಿಲ್ಲ. ಸುಗಟೂರಿನಲ್ಲಿ ಒಬ್ಬರೇ ಇದ್ದಾರೆ. ಒಬ್ಬರೇ ಎಂದರೆ ಅವರಿಗೆ ಕೋಪ ಬರುತ್ತದೆ, ಹುಳು ಮನೆಯ ತುಂಬ ಸಂಸಾರವಿದೆಯಲ್ಲ! ಮೂವತ್ತು ವರ್ಷದಿಂದ ಒಂದು ಬೆಳೆಯಾದ ಮೇಲೆ ಒಂದು ಬೆಳೆ ಸಾಕುತ್ತಲೇ ಇದ್ದಾರೆ. ಕೈಕಾಲು ತೊಳೆಯದೆ, ಹೊಸ್ತಿಲ ಬಳಿ ಹರಡಿದ ಸುಣ್ಣದ ಪುಡಿ ತುಳಿಯದೆ ಆ ಮನೆಯೊಳಗೆ ಕಾಲಿಟ್ಟ ಭೂಪ ಇನ್ನೂ ಹುಟ್ಟಿಲ್ಲ. ನನ್ನ ಮದುವೆಯಲ್ಲಿ ಅಕ್ಷತೆ ಹಾಕಿದವರೇ ಊಟಕ್ಕೂ ನಿಲ್ಲದೆ ಹೊರಟುಬಿಟ್ಟರು. ಯಾಕೆ ಎಂದು ಕೇಳಿದ್ದಕ್ಕೆ, "ನಿಮ್ಗೆ ಬಡಿಸೋಕೆ ಇಷ್ಟು ಜನ ಇದ್ದಾರೆ. ಅವಕ್ಕೆ ಯಾರಿದ್ದಾರೆ?" ಎಂದರು.

ಇಂಥವರು ನನ್ನ ಜೊತೆ ಬೆಂಗಳೂರಿಗೆ ಹೊರಟಿದ್ದು ಹೇಗೆ ಎಂದು ಹೇಳಬೇಕು. ನಾನು ಸರ್ಕಾರಿ ಶಾಲೆಯ ಟೀಚರ್ ಕೆಲಸಕ್ಕೆ ಪರೀಕ್ಷೆ ಬರೆದು ಪಾಸಾಗಿದ್ದೆ. ಮೂಲ ದಾಖಲೆಗಳನ್ನು ತೋರಿಸಲು ಖುದ್ದಾಗಿ ಬನ್ನಿ, ಬರದಿದ್ದರೆ ಅವಕಾಶ ಮುಂದಿನವರಿಗೆ ಎಂದು ಪತ್ರ ಬಂತು. ಮಗಳಿಗೆ ಆಗ ನಾಲ್ಕು ತಿಂಗಳು. ಬಾಟಲಿ ಕಂಡರೆ ಮುಖ ತಿರುಗಿಸುತ್ತಾಳೆ, ಬಿಟ್ಟು ಹೋಗುವ ಹಾಗಿಲ್ಲ. ಗಂಡನಿಗೆ ಫ್ಯಾಕ್ಟರಿಯಲ್ಲಿ ರಜೆ ಸಿಗಲಿಲ್ಲ. ನಮ್ಮತ್ತೆಗೆ ಮಂಡಿನೋವು. "ಹೋಗಿ ಬರ್ತೀಯ, ಕೆಲಸಾನೂ ಸಿಗ್ತದೆ ಅಂತಿಟ್ಕೊ. ಆಮೇಲೆ ದಿನಾ ಮಗೂನ ಯಾರಮ್ಮಾ ನೋಡ್ಕೊಳ್ಳೋದು? ನನ್ನ ಕೈಲಂತೂ ಆಗಲ್ಲ," ಎಂದರು ಅತ್ತೆ. ಅವರ ಮಾತಿನಲ್ಲಿ ತಪ್ಪು ಹುಡುಕೋಣವೆಂದರೆ ಸಿಗಲಿಲ್ಲ. ನನ್ನ ಸಂಕಟವೂ ಅದೇ ಆಗಿತ್ತು.

ಇದನ್ನೆಲ್ಲ ಫೋನಿನಲ್ಲಿ ದೊಡ್ಡಮ್ಮನ ಹತ್ತಿರ ತೋಡಿಕೊಂಡೆ. ಅವರ ರೇಷ್ಮೆಗೂಡು ಆಗಷ್ಟೇ ಮಾರುಕಟ್ಟೆಗೆ ಹೋಗಿತ್ತು, ಮುಂದಿನ ಬೆಳೆಗೆ ಒಂದು ವಾರ ಬಿಡುವು. "ನಾಳಿದ್ದು ತಾನೇ? ನಾನ್ ಬರ್ತೀನಿ. ನೀನು ಕಾಗದ ಪತ್ರ ಜೋಡಿಸ್ಕೊ," ಎಂದು ಫೋನ್ ಇಟ್ಟರು.

ಮಾರನೆಯ ದಿನ ಕೋಲಾರದ ನಮ್ಮ ಮನೆಗೆ ಬಂದವರು ಮೊದಲು ಮಾಡಿದ ಕೆಲಸ, ಪಾಪುವಿನ ಮಂಚದ ನಾಲ್ಕು ಕಾಲುಗಳ ಕೆಳಗೂ ನೀರು ತುಂಬಿದ ಬಟ್ಟಲು ಇಟ್ಟಿದ್ದು. ಇರುವೆ ಹತ್ತಬಾರದಂತೆ. ಎರಡನೆಯದು, ಅತ್ತೆಯ ದೇವರ ಮನೆಯ ಊದುಬತ್ತಿ ಆರಿಸಿದ್ದು. ಅತ್ತೆಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಮೂರನೆಯ ಸರದಿ ನನ್ನದು. "ಏನು ತಿಂದೆ? ಎರಡು ಇಡ್ಲೀನಾ? ಸೊಪ್ಪು ಚೆನ್ನಾಗಿದ್ರೆ ತಾನೇ ಹುಳ ಮೈ ತುಂಬ್ಕೊಳ್ಳೋದು," ಎಂದು ಎರಡು ಮುದ್ದೆ ಬಡಿಸಿ ಎದುರಿಗೆ ಕೂತರು. ಮಗಳು ಹುಳುವಾದರೆ ನಾನು ಹಿಪ್ಪುನೇರಳೆ ತೋಟ. ಗೊಬ್ಬರ ಹಾಕಿಸಿಕೊಳ್ಳುವುದು ಬಿಟ್ಟು ತೋಟಕ್ಕೆ ಬೇರೆ ದಾರಿಯುಂಟೇ?

ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಮೂರು ಬಸ್ಸು ಬಿಟ್ಟೆವು. ಮೂರರಲ್ಲೂ ಡ್ರೈವರ್ ಆಗಷ್ಟೇ ದೇವರ ಪಟಕ್ಕೆ ಊದುಬತ್ತಿ ಬೆಳಗಿದ್ದ. ಭಕ್ತಿಯಿಲ್ಲದ ಡ್ರೈವರಿಗಾಗಿ ಕಾದು ನಾಲ್ಕನೆಯ ಬಸ್ಸು ಹತ್ತಿದ್ದಾಯಿತು. ದೊಡ್ಡಮ್ಮ ಸೆರಗು ಸಿಕ್ಕಿಸಿ, ಹುಳು ಮನೆಯ ನೊಣದ ಪರದೆಯನ್ನು ಕಿಟಕಿಗೆ ಕಟ್ಟಿದರು. ಆಮೇಲೆ ಚೀಲದಿಂದ ಮೊಳದುದ್ದದ ಹಲಗೆಯೊಂದನ್ನು ತೆಗೆದು ಮುಂದಿನ ಸೀಟಿನ ಕಂಬಿಗೆ ನೇತುಹಾಕಿದರು. ಹುಳು ಮನೆಯ ಥರ್ಮಾಮೀಟರ್.

"ಏನಜ್ಜಿ ಇದು?" ಎಂದ ಕಂಡಕ್ಟರ್.

"ಮೂವತ್ತೊಂದು ತೋರಿಸ್ತೈತೆ. ಇಪ್ಪತ್ತೈದಿರಬೇಕು. ಆ ಕಡೆ ಕಿಟಕಿಗಳು ತೆಗೆಸಪ್ಪ."

ಕಂಡಕ್ಟರ್ ನನ್ನನ್ನು ನೋಡಿದ. ನಾನು ಟಿಕೆಟ್ಟನ್ನು ಬಹಳ ಆಸಕ್ತಿಯಿಂದ ಓದುತ್ತಿದ್ದೆ. ಅಷ್ಟರಲ್ಲಿ ಹಿಂದಿನ ಸೀಟಿನಿಂದ ಸೆಂಟಿನ ವಾಸನೆ ಬಂತು. ದೊಡ್ಡಮ್ಮ ತಿರುಗಿ, "ಏನಪ್ಪಾ, ಸೀಸೆ ಪೂರ್ತಿ ಸುರ್ಕೊಂಡಿದ್ದೀಯಾ? ಕೊನೇ ಸೀಟಿಗೆ ಹೋಗು," ಎಂದರು. ಅವನು, "ಇದು ನಾನು ಹಿಡ್ದಿರೋ ಸೀಟು ಆಂಟಿ," ಎಂದ. "ಇರ್ಲಿ, ನಾವು ಇಳಿದ್ಮೇಲೆ ಬಂದು ಕೂತ್ಕೊ." ಪಾಪ, ಎದ್ದು ಹೋದ.

ಹೊಸಕೋಟೆ ಹತ್ತಿರವಾಗುವ ಹೊತ್ತಿಗೆ ಇಡೀ ಬಸ್ಸಿಗೆ ಥರ್ಮಾಮೀಟರಿನ ಹುಚ್ಚು ಹಿಡಿದಿತ್ತು. ಪಕ್ಕದ ಸೀಟಿನ ಸಾಬರು ಐದು ನಿಮಿಷಕ್ಕೊಮ್ಮೆ, "ಎಷ್ಟು ಬಂತಮ್ಮಾ?" ಎನ್ನುವರು. ಇಪ್ಪತ್ತೆಂಟಕ್ಕೆ ಇಳಿದಾಗ ಕೊನೆಯ ಸೀಟಿನಿಂದ ಆ ಸೆಂಟಿನ ಹುಡುಗನೇ ಚಪ್ಪಾಳೆ ತಟ್ಟಿದ. ಮಗಳು ಯಾವುದರ ಗೊಡವೆಯೂ ಇಲ್ಲದೆ ದೊಡ್ಡಮ್ಮನ ತೊಡೆಯ ಮೇಲೆ ನಿದ್ದೆ ಹೊಡೆಯುತ್ತಿದ್ದಳು. ದೊಡ್ಡಮ್ಮನಿಗೆ ಬೈಯಲು ಕನ್ನಡ, ಮುದ್ದಿಸಲು ತೆಲುಗು. "ಬಂಗಾರು ತಲ್ಲಿ, ಪಡುಕೋ," ಮಲಗು ನನ್ನ ಚಿನ್ನ ಎನ್ನುತ್ತಾ ಬೆಂಗಳೂರಿನವರೆಗೂ ಕಾಲು ಅಲ್ಲಾಡಿಸಲಿಲ್ಲ.

ಕಚೇರಿಯ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನ ಟೋಕನ್ ಅರವತ್ತನಾಲ್ಕು, ಒಳಗೆ ನಡೆಯುತ್ತಿದ್ದುದು ಹತ್ತೊಂಬತ್ತು. ಸೆಕೆಗೆ ಮಗಳು ಅಳತೊಡಗಿದಳು. ಹಾಲು ಕೊಟ್ಟರೂ ನಿಲ್ಲಲಿಲ್ಲ. ಮನೆಗೆ ಹೋಗಿಬಿಡೋಣ, ಈ ಕೆಲಸ ನನ್ನ ಹಣೆಯಲ್ಲಿ ಬರೆದಿಲ್ಲ ಎಂದು ನಿಜವಾಗಿ ಅನ್ನಿಸಿತು. ಹಾಗೆಂದು ಬಾಯಿಬಿಟ್ಟು ಹೇಳಿದೆ ಕೂಡ. ದೊಡ್ಡಮ್ಮ ಮಗುವನ್ನು ಎತ್ತಿಕೊಂಡು, ಪ್ಯೂನ್ ಬೇಡ ಬೇಡ ಎನ್ನುತ್ತಿದ್ದಂತೆ, ಸೀದಾ ದಾಖಲೆ ನೋಡುತ್ತಿದ್ದ ಸಾಹೇಬರ ಕೋಣೆಗೆ ನಡೆದರು. ನಾನು ಫೈಲು ಅವುಚಿಕೊಂಡು ಹಿಂದೆ ಓಡಿದೆ.

"ಟೋಕನ್ ಪ್ರಕಾರನೇ ಕರೀತೀವಮ್ಮ, ಹೊರಗೆ ಕೂತ್ಕೊಳ್ಳಿ," ಎಂದರು ಸಾಹೇಬರು.

"ನಿಧಾನಕ್ಕೆ ಕರೀರಿ ಸಾರ್, ಅವಸರ ಇಲ್ಲ," ಎಂದರು ದೊಡ್ಡಮ್ಮ. ಆ ಕೋಣೆಗೆ ಎ.ಸಿ. ಇತ್ತು. ಥರ್ಮಾಮೀಟರನ್ನು ಕಡತದ ಬೀರುವಿನ ಹಿಡಿಗೆ ನೇತುಹಾಕಿ ನೋಡಿ, ಅವರ ಮುಖ ಅರಳಿತು. "ಸರಿಯಾಗಿ ಇಪ್ಪತ್ತೈದು. ಇವಳ ನಂಬರು ಬರೋವರ್ಗೂ ನಾವಿಲ್ಲೇ ಇರ್ತೀವಿ." ಸಾಹೇಬರ ಎದುರಿನ ಕುರ್ಚಿಯಲ್ಲಿ ಕಾಲು ಮಡಚಿ ಕೂತೇಬಿಟ್ಟರು. ಮಗಳು ಅಳು ನಿಲ್ಲಿಸಿದಳು.

ಸಾಹೇಬರು ಪ್ಯೂನನನ್ನು ನೋಡಿದರು. ಪ್ಯೂನ್ ಸೂರು ನೋಡಿದ. ಇಪ್ಪತ್ತೊಂದನೆಯವಳಾಗಿ ನನ್ನ ಹೆಸರು ಕರೆದರು. ಅಂಕಪಟ್ಟಿ, ಜಾತಿ ಪ್ರಮಾಣಪತ್ರ ಎಲ್ಲವನ್ನೂ ನೋಡಿ ಸಹಿ ಹಾಕಿ, "ಎಲ್ಲ ಸರಿಯಿದೆ. ಆದೇಶ ಕೈಗೆ ಬಂದ ಹದಿನೈದು ದಿನದೊಳಗೆ ಕೆಲಸಕ್ಕೆ ಸೇರ್ಕೋಬೇಕು. ಆ ಹಲಗೆ ಮರೀಬೇಡಿ," ಎಂದರು.

ವಾಪಸು ಬಸ್ಸಿನಲ್ಲಿ ಖುಷಿಪಡಬೇಕಾದ ನಾನು ಮಂಕಾಗಿ ಕೂತಿದ್ದೆ. ಹದಿನೈದು ದಿನ ಎಂಬ ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಅತ್ತೆ ಕೇಳಿದ ಪ್ರಶ್ನೆ ಹಾಗೇ ಉಳಿದಿತ್ತಲ್ಲ. "ಕೆಲಸ ಬೇಡ ಅಂತ ಬರೆದು ಕೊಟ್ಬಿಡ್ಲಾ ದೊಡ್ಡಮ್ಮ?" ಎಂದೆ. ಮಗಳು ಎಚ್ಚರವಾಗಿ ಅವರ ಮುಖವನ್ನೇ ನೋಡುತ್ತಿದ್ದಳು. ಇದ್ದಕ್ಕಿದ್ದಂತೆ ಬೊಚ್ಚು ಬಾಯಿ ಬಿಟ್ಟು ನಕ್ಕಳು. ದೊಡ್ಡಮ್ಮ ಸೆರಗಿನಿಂದ ಅವಳ ಬಾಯಿ ಒರೆಸಿದರು.

"ಮೂವತ್ತು ವರ್ಷ ಹುಳ ಸಾಕಿದ್ದೀನಿ ಕಣೇ. ಒಂದಾದ್ರೂ ನನ್ನ ಮುಖ ನೋಡಿ ನಕ್ಕಿದ್ದಿಲ್ಲ," ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿ, "ಹುಳ ಇನ್ಮೇಲೆ ಬೇಡ ಅಂತ ಮರಿ ಕೊಡೋನಿಗೆ ಹೇಳ್ಬಿಟ್ಟಿದ್ದೀನಿ. ತೋಟ ಪಕ್ಕದೋರು ನೋಡ್ಕೊತಾರೆ. ಸೋಮವಾರ ನನ್ನ ಬಟ್ಟೆ ತಗೊಂಡು ನಿಮ್ಮನೆಗೆ ಬರ್ತೀನಿ," ಎಂದರು.

"ಯಾವಾಗ ಹೇಳಿದ್ರಿ?"

"ಮೊನ್ನೆ. ನಿನ್ನ ಫೋನ್ ಇಟ್ಟ ತಕ್ಷಣ."

ಮೊನ್ನೆ ನನಗೇ ಈ ಕೆಲಸ ಸಿಗುವ ನಂಬಿಕೆಯಿರಲಿಲ್ಲ. ಕೃತಜ್ಞತೆ ಎಂಬುದು ಅಷ್ಟು ಭಾರವಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಅವರ ಭುಜಕ್ಕೆ ಒರಗಿ ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

"ಮೆಲ್ಲಗೆ ಅಳು ಕಣೇ," ಎಂದರು ದೊಡ್ಡಮ್ಮ. "ಪಾಪು ಈಗ ತಾನೇ ಕಣ್ಣು ಮುಚ್ಚೈತೆ."